ನಾದಿನಿಯ ಹೆಸರಿಗೆ ಬಂದ ಕಾರ್ಡುಗಳು

ಅವಳ ಬಲಗೈಯ ಹೆಬ್ಬೆರಳು, ತೋರುಬೆರಳು, ನಡುಬೆರಳು ಮೂರೂ ಸದಾ ನೇರಳೆ ಬಣ್ಣ. ಉಗುರಿನ ಸಂದಿಯಲ್ಲಂತೂ ಕಪ್ಪಿಗೆ ತಿರುಗಿದ ನೇರಳೆ. ಸೀಗೆಪುಡಿಯಲ್ಲಿ ಉಜ್ಜಿದರೂ ನಿಂಬೆಹೋಳಿನಲ್ಲಿ ತಿಕ್ಕಿದರೂ ಹೋಗುತ್ತಿರಲಿಲ್ಲ. ಮದುವೆಮನೆಯ ಪಂಕ್ತಿಯಲ್ಲಿ ಅವಳು ಎಲೆಯ ಮೇಲೆ ಕೈಯಿಟ್ಟರೆ ಪಕ್ಕದ ಹೆಂಗಸರು ತಮ್ಮ ಎಲೆಯನ್ನು ಒಂದಿಷ್ಟು ಆಚೆಗೆ ಸರಿಸಿಕೊಳ್ಳುತ್ತಿದ್ದರು. ಅವಳು ಅದನ್ನು ಗಮನಿಸುತ್ತಲೇ ಇರಲಿಲ್ಲ. ನಾನು ಗಮನಿಸುತ್ತಿದ್ದೆ, ಒಳಗೊಳಗೇ ಸಂತೋಷವನ್ನೂ ಪಡುತ್ತಿದ್ದೆ.

ಅದು ಜೀವಕೋಶಗಳಿಗೆ ಹಚ್ಚುವ ಬಣ್ಣ. ಸೂಕ್ಷ್ಮದರ್ಶಕದ ಕೆಳಗೂ ನೀರಿನಂತೆ ಕಾಣುವ ಕೋಶಗಳು ಆ ಬಣ್ಣ ಕುಡಿದ ಮೇಲೆ ಕಣ್ಣಿಗೆ ಬೀಳುತ್ತವೆ. ಕ್ಯಾನ್ಸರ್ ಎನ್ನುವುದು ಹುಣ್ಣಾಗಿ, ಗಡ್ಡೆಯಾಗಿ ಮೈಮೇಲೆ ಏಳುವ ಎಷ್ಟೋ ಮುಂಚೆ ಕೋಶದ ಒಳಗೆ, ಅಣುಗಳ ಮಟ್ಟದಲ್ಲಿ ಏನು ಮುರಿಯುತ್ತದೆ ಎಂದು ಹುಡುಕುವುದು ಅವಳ ಕೆಲಸ. ವರ್ಷಗಟ್ಟಲೆ ಒಂದೇ ಕಣ್ಣಿನಲ್ಲಿ ನೋಡಿ ನೋಡಿ, ಎದುರಿಗಿರುವ ಮನುಷ್ಯರನ್ನು ನೋಡುವಾಗಲೂ ಎಡಗಣ್ಣನ್ನು ಅರ್ಧ ಮುಚ್ಚಿಕೊಳ್ಳುವುದು ಅವಳಿಗೆ ರೂಢಿಯಾಗಿತ್ತು. ಹಾಗೆ ನೋಡಿಸಿಕೊಂಡಾಗಲೆಲ್ಲ ಇವಳು ನನ್ನಲ್ಲಿ ಏನನ್ನೋ ಎಣಿಸುತ್ತಿದ್ದಾಳೆ ಎಂದು ನನಗೆ ಅನುಮಾನ.

ಅವಳು ನನ್ನ ಹೆಂಡತಿಯ ತಂಗಿ. ನಾನು ಮಧುಗಿರಿಯಲ್ಲಿ ಪ್ರಾಣಿಶಾಸ್ತ್ರದ ಅಧ್ಯಾಪಕ. ಅರವತ್ತರ ದಶಕದ ಕೊನೆಯಲ್ಲಿ ನಾನು ಅಳಿಯನಾಗಿ ಕೊರಟಗೆರೆಯ ಮಾವನವರ ಮನೆಗೆ ಹೋದಾಗ ಆ ನೆಂಟರಿಷ್ಟರಲ್ಲೆಲ್ಲ ಎಂ.ಎಸ್ಸಿ. ಓದಿದವನು ನಾನೊಬ್ಬನೇ. ನಡುಮನೆಯಲ್ಲಿ ಕೈಯಿರುವ ಕುರ್ಚಿ ಒಂದೇ ಒಂದಿತ್ತು. ಮಾವನವರು ಕಡಲೆಕಾಯಿ ಮಂಡಿಯಿಂದ ಬಂದರೂ ಅದರಲ್ಲಿ ಕೂರದೆ ನನಗೆ ತೋರಿಸುತ್ತಿದ್ದರು. ಗ್ರಹಣದ ಹೊತ್ತಿನಲ್ಲಿ ಊಟ ಮಾಡಬಹುದೇ, ಹಲ್ಲಿ ಬಿದ್ದ ಹಾಲು ವಿಷವೇ, ಕೋಳಿಮೊಟ್ಟೆ ಮಾಂಸವೋ ಅಲ್ಲವೋ, ಹೀಗೆ ಲಿಂಗವಂತರ ಮನೆಯೊಂದಕ್ಕೆ ಬರಬಹುದಾದ ಸಕಲ ಸಂದೇಹಗಳೂ ಆ ಕುರ್ಚಿಯ ಮುಂದೆ ಬಂದು ಇತ್ಯರ್ಥವಾಗುತ್ತಿದ್ದವು. ನನಗೆ ಅದು ಬಹಳ ಹಿತವಾಗಿತ್ತು ಎಂಬುದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ.

ಆಗ ಅವಳು ಪಿ.ಯು.ಸಿ. ಒಂದು ರಜೆಯಲ್ಲಿ ಅಕ್ಕನ ಮನೆಗೆಂದು ಮಧುಗಿರಿಗೆ ಬಂದಿದ್ದವಳು ಕಾಲೇಜು ನೋಡಬೇಕು ಎಂದು ಹಟಹಿಡಿದಳು. ಕರೆದುಕೊಂಡು ಹೋಗಿ ನಮ್ಮ ಪ್ರಯೋಗಾಲಯದ ಹಳೆಯ ಸೂಕ್ಷ್ಮದರ್ಶಕದ ಮುಂದೆ ಕೂರಿಸಿದೆ. ಎಲ್ಲರಿಗೂ ಮೊದಲು ಕಲಿಸುವ ಪ್ರಯೋಗ ಒಂದಿದೆ: ನಮ್ಮದೇ ಕೆನ್ನೆಯ ಒಳಭಾಗವನ್ನು ಕಡ್ಡಿಯಲ್ಲಿ ಮೃದುವಾಗಿ ಕೆರೆದು, ಗಾಜಿನ ಸ್ಲೈಡಿಗೆ ಸವರಿ, ಒಂದು ಹನಿ ಬಣ್ಣ ಬಿಟ್ಟು ನೋಡುವುದು. ಕೆರೆದಳು, ಸವರಿದಳು, ನೋಡಿದಳು. ಎಷ್ಟು ಹೊತ್ತಾದರೂ ತಲೆ ಎತ್ತಲಿಲ್ಲ.

"ಭಾವ, ಇವರೆಲ್ಲ ನನ್ನೊಳಗೇ ಇದ್ರಾ?" ಎಂದು ಕೇಳಿದಳು.

ಕೋಶಗಳನ್ನು 'ಇವರು' ಎಂದು ಬಹುವಚನದಲ್ಲಿ ಕರೆಯುವುದು ಅವತ್ತು ಶುರುವಾದದ್ದು. ದೊಡ್ಡ ವಿಜ್ಞಾನಿಯಾದ ಮೇಲೂ ಬಿಡಲಿಲ್ಲ. ಬಣ್ಣ ಸರಿಯಾಗಿ ಹಿಡಿಯದಿದ್ದರೆ "ಇವತ್ತು ಮುನಿಸ್ಕೊಂಡಿದಾರೆ" ಎನ್ನುತ್ತಿದ್ದಳು.

ಅವಳು ಬೆಂಗಳೂರಿಗೆ ಹೋದಳು, ಎಂ.ಎಸ್ಸಿ. ಮಾಡಿದಳು, ಒಂದು ಸಂಶೋಧನಾ ಸಂಸ್ಥೆಗೆ ಸೇರಿದಳು, ಡಾಕ್ಟರೇಟನ್ನೂ ಮುಗಿಸಿದಳು. ಅದೇ ಹೊತ್ತಿನಲ್ಲಿ ನಾನೂ ಪಿಎಚ್.ಡಿ.ಗೆ ಹೆಸರು ನೋಂದಾಯಿಸಿದ್ದೆ. ವಿಷಯ, ನಮ್ಮ ಸೀಮೆಯ ಕೆರೆಕಪ್ಪೆಗಳ ರಕ್ತಕಣ. ಎರಡು ಅಧ್ಯಾಯ ಬರೆಯುವಷ್ಟರಲ್ಲಿ ಗೈಡಿಗೆ ವರ್ಗವಾಯಿತು, ಕೆರೆ ಬತ್ತಿತು, ನನಗೆ ಕಾಲೇಜಿನ ಪರೀಕ್ಷೆಯ ಉಸ್ತುವಾರಿ ಬಂತು. ಕಾರಣಗಳು ಹೀಗೆ ಒಂದಕ್ಕೊಂದು ಚೆನ್ನಾಗಿ ಹೊಂದಿಕೊಂಡವು. ಆ ಎರಡು ಅಧ್ಯಾಯ ಒಂದು ದಪ್ಪ ರಟ್ಟಿನ ಫೈಲು ಸೇರಿ ಬೀರುವಿನ ಮೇಲೆ ಕೂತವು. ಕೊರಟಗೆರೆಯ ಕುರ್ಚಿಯಲ್ಲಿ ಈಗ ಅವಳು ಕೂರತೊಡಗಿದ್ದಳು. ಅವಳು ಬೇಡವೆಂದರೂ ಮಾವನವರು ಬಿಡುತ್ತಿರಲಿಲ್ಲ. ಬಾಯಿಹುಣ್ಣು ಆದವರು, ಕುತ್ತಿಗೆ ಊದಿಕೊಂಡವರು ಬಂದು ಅವಳ ಮುಂದೆ ಬಾಯಿ ತೆರೆಯುತ್ತಿದ್ದರು. ನಾನು ಗೋಡೆಗೊರಗಿ ಚಾಪೆಯ ಮೇಲೆ ಕೂತು ಪೇಪರು ಓದುವವನಂತೆ ಇರುತ್ತಿದ್ದೆ.

ತುರ್ತುಪರಿಸ್ಥಿತಿ ಮುಗಿದ ಮರುವರ್ಷ ಇರಬೇಕು, ದಸರಾ ರಜೆಯಲ್ಲಿ ಅವಳು ಒಂದು ಹೊಸ ಯೋಚನೆ ಹೊತ್ತು ಬಂದಳು. ನಮ್ಮ ಕಡೆಯ ಹೆಂಗಸರು ಹೊಗೆಸೊಪ್ಪನ್ನು ಕೆನ್ನೆಯಲ್ಲಿಟ್ಟುಕೊಂಡೇ ದಿನ ಕಳೆಯುತ್ತಾರಲ್ಲ, ಆ ಕೆನ್ನೆಯ ಕೋಶಗಳಲ್ಲಿ ಏನಾಗಿರುತ್ತದೆ? ಹುಣ್ಣು ಏಳುವ ಮೊದಲೇ ಗುರುತು ಸಿಗುತ್ತದೆಯೇ? ಯಾರೂ ನೋಡಿಲ್ಲ, ನಾನು ನೋಡುತ್ತೇನೆ ಎಂದಳು. ಬೇಕಾದ ಸಾಮಾನು ಮಧುಗಿರಿಯಲ್ಲೇ ಸಿಕ್ಕಿತು. ಐಸ್‌ಕ್ಯಾಂಡಿ ಮಾರುವವನ ಹತ್ತಿರ ಹೊಸ ಕಡ್ಡಿಗಳ ಕಟ್ಟು ತಂದು, ನನ್ನ ಹೆಂಡತಿಯ ಇಡ್ಲಿ ಪಾತ್ರೆಯಲ್ಲಿ ಕುದಿಸಿ, ಬಿಸಿಲಿಗೆ ಒಣಹಾಕಿದಳು. "ಒಂಟಿ ಹುಡುಗಿ, ಹಳ್ಳಿಹಳ್ಳಿ ತಿರುಗ್ತೀನಿ ಅಂತಾಳೆ. ನೀವೂ ಜೊತೆಗೆ ಹೋಗ್ರಿ" ಎಂದು ಹೆಂಡತಿಯ ಅಪ್ಪಣೆಯಾಯಿತು.

ಮೊದಲು ಹೋದದ್ದು ಐ.ಡಿ.ಹಳ್ಳಿಗೆ. ಜಗಲಿಯ ಮೇಲೆ ಕುರಿಯುಣ್ಣೆ ಬಿಡಿಸುತ್ತ ಕೂತಿದ್ದ ಒಬ್ಬ ಅಜ್ಜಿ, ಎಡಗೆನ್ನೆಯಲ್ಲಿ ಹೊಗೆಸೊಪ್ಪಿನ ಉಂಡೆ. ನಾನು ಮುಂದೆ ಹೋಗಿ, ಇದು ವೈಜ್ಞಾನಿಕ ಪರೀಕ್ಷೆ, ದಯವಿಟ್ಟು ಬಾಯಿ ತೆರೆಯಬೇಕು ಎಂದು ತರಗತಿಯ ಧ್ವನಿಯಲ್ಲಿ ವಿವರಿಸಿದೆ.

"ಯಾವೂರಯ್ಯಾ ನೀನು? ಬಾಯಿ ಬುಡು ಅಂದೇಟ್ಗೆ ಬುಡಾಕೆ ನಾನೇನು ಸಂತೆ ಕುರಿಯಾ? ಹಲ್ಲು ನೋಡಿ ಯಾಪಾರ ಮಾಡೀಯಾ?" ಎಂದಳು ಅಜ್ಜಿ.

ನಾದಿನಿ ಜಗಲಿಯ ಮೇಲೆ ಅವಳ ಪಕ್ಕದಲ್ಲೇ ಕೂತು, ಒಂದು ಕಡ್ಡಿ ತೆಗೆದು ತನ್ನ ಕೆನ್ನೆ ಕೆರೆದುಕೊಂಡು ತೋರಿಸಿದಳು. "ಇಷ್ಟೇ ಅಜ್ಜಿ."

"ನಿಂದು ಸರಿ ಕಣಮ್ಮಣ್ಣಿ. ಆ ಅಯ್ಯಂದು ಕೆರಿ, ನೋಡಾನ. ಅವ್ನಿಗೇನೂ ಆಗ್ದಿದ್ರೆ ಆಮ್ಯಾಕೆ ನಂದು ಕೆರಿಯೋವಂತೆ."

ಕೇರಿಯ ಹೆಂಗಸರೆಲ್ಲ ಸೇರಿದ್ದರು. ಅವರೆಲ್ಲರ ಮುಂದೆ ಮಧುಗಿರಿಯ ಅಧ್ಯಾಪಕ 'ಆ' ಎಂದು ಬಾಯಿ ತೆರೆದು ನಿಂತ. ನಗು ಊರಾಚೆಗೂ ಕೇಳಿಸಿರಬೇಕು. ನನ್ನ ಬಲಗೆನ್ನೆಯೇ ಆ ಸಂಶೋಧನೆಯ ಮೊದಲನೆಯ ಸ್ಲೈಡು. ಹೊಗೆಸೊಪ್ಪು ಹಾಕದವರ ಕೆನ್ನೆಯೂ ಹೋಲಿಕೆಗೆ ಬೇಕಿತ್ತಾದ್ದರಿಂದ ಅವಳು ಅದನ್ನು ಎಸೆಯಲಿಲ್ಲ. ಅಜ್ಜಿ ಮಾತಿಗೆ ತಪ್ಪದೆ ಬಾಯಿ ತೆರೆದಳು. "ಬೆರಳೇನವ್ವ ಇಂಗೈತೆ, ನೇರ್ಳೆಹಣ್ಣು ಹಿಂಡ್ದಂಗೆ?" ಎಂದು ಅವಳ ಕೈಹಿಡಿದು ನೋಡಿದಳು. ನನ್ನ ಕೈ ಯಾರೂ ಹಿಡಿಯಲಿಲ್ಲ.

ಆ ರಜೆ, ಅದರ ಮುಂದಿನ ಬೇಸಿಗೆ ರಜೆ, ಎರಡೂ ಹೀಗೇ ಕಳೆದವು. ಶುಕ್ರವಾರ ಗೊರವನಹಳ್ಳಿಯಲ್ಲಿ ಬಸ್ಸಿಳಿದು ದರ್ಶನಕ್ಕೆ ಸಾಲು ನಿಂತ ಹೆಂಗಸರ ಕೆನ್ನೆ. ಪಾವಗಡದ ಕಡೆ ಅರ್ಧ ತೆಲುಗಿನಲ್ಲಿ "ಏಮ್ಮಾ, ಬಾಯಾಗೆ ಏನಿಟ್ಟಿದೀನಿ ಅಂತ ಚೂಸ್ತೀಯಮ್ಮಾ?" ಎಂದು ಕೇಳಿದವರ ಕೆನ್ನೆ. ಸಿರಾದಲ್ಲಿ ಬೀಡಿ ಕಟ್ಟುತ್ತಿದ್ದ ಒಬ್ಬ ಹೆಂಗಸು "ತಗೋ ಬೇಟಿ, ಬಾಯಿ ತಾನೆ, ಖಜಾನೆಯೇನಲ್ಲವಲ್ಲ" ಎಂದು ನಗುತ್ತ ತಾನೇ ಕಡ್ಡಿ ಇಸಿದುಕೊಂಡಳು. ಬಸ್ಸಿನಲ್ಲಿ ಸ್ಲೈಡಿನ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂರುವವನು ನಾನು. ಗಂಡಸರು ತಕರಾರು ತೆಗೆದಾಗ ಸಮಾಧಾನ ಹೇಳುವವನೂ ನಾನು. ಲೇಖನ ಪ್ರಕಟವಾದಾಗ ಅವಳ ಹೆಸರಿನ ಪಕ್ಕದಲ್ಲಿ ನನ್ನ ಹೆಸರೂ ಇರುತ್ತದೆ ಎಂಬುದರಲ್ಲಿ ನನಗೆ ಎಳ್ಳಷ್ಟೂ ಸಂಶಯವಿರಲಿಲ್ಲ. ಅವಳು ಹಾಗೆಂದು ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ಫಲಿತಾಂಶ ಬಂದ ದಿನ ಬೆಂಗಳೂರಿನಿಂದ ಓಡೋಡಿ ಬಂದಳು. ಊಟಕ್ಕೆ ಕೂತಾಗ ನನ್ನ ತಟ್ಟೆಯನ್ನೇ ತೋರಿಸಿ ವಿವರಿಸಿದಳು. "ನೋಡಿ ಭಾವ, ಈ ಮುದ್ದೆ ಕೋಶದ ನಡುವಿರೋ ದೊಡ್ಡ ಚುಕ್ಕೆ ಅಂದ್ಕೊಳ್ಳಿ. ಪಕ್ಕದಲ್ಲಿ ಉದುರಿದೆಯಲ್ಲ ಚೂರು, ಅದು ಇರಬಾರದು. ಹೊಗೆಸೊಪ್ಪಿನವರ ಕೆನ್ನೇಲಿ ಆ ಚೂರುಗಳು ತುಂಬ. ಹುಣ್ಣು ಇಲ್ಲ, ನೋವಿಲ್ಲ, ಆದ್ರೆ ಕೋಶದೊಳಗಿನ ವಂಶದ ಬರಹ ಆಗ್ಲೇ ಮುರೀತಿದೆ." ಮರುದಿನವೇ ಐ.ಡಿ.ಹಳ್ಳಿಗೆ ಹೋಗಿ ಅಜ್ಜಿಗೆ ಹೊಗೆಸೊಪ್ಪು ಬಿಡಲು ಹೇಳಿದಳು. ಅಜ್ಜಿ, "ಗಂಡ್ನೇ ಬುಟ್ಟೋದ, ಇದು ನನ್ನ ಬುಟ್ಟಿಲ್ಲ ಕಣಮ್ಮಣ್ಣಿ, ಹೆಂಗೆ ಬುಡ್ಲಿ?" ಎಂದಳಂತೆ. ಅದನ್ನು ಹೇಳುವಾಗ ನಾದಿನಿಗೆ ನಗುವೂ ಬಂತು, ಅಳುವೂ ಬಂತು.

ಲೇಖನ ಒಂದು ವಿದೇಶಿ ಪತ್ರಿಕೆಯಲ್ಲಿ ಅಚ್ಚಾಯಿತು. ಅಚ್ಚಾದ ಲೇಖನದ ಬಿಡಿಪ್ರತಿಗಳ ಕಟ್ಟು ಬಂತು. ಮೊದಲ ಪ್ರತಿಯ ಮೇಲೆ ಕನ್ನಡದಲ್ಲಿ ಬರೆದು ನನಗೆ ಕೊಟ್ಟಳು: 'ಭಾವನಿಗೆ, ಕೆನ್ನೆ ಕೆರೆಯಲು ಕಲಿಸಿದ್ದಕ್ಕೆ.' ನಾನು ಹೆಸರುಗಳ ಸಾಲನ್ನು ನೋಡಿದೆ. ಅವಳ ಹೆಸರು, ಅವಳ ಸಂಸ್ಥೆಯ ಹಿರಿಯರೊಬ್ಬರ ಹೆಸರು. ಮುಗಿಯಿತು. ಪುಟ ಮಗುಚಿ ಮಗುಚಿ ಕಟ್ಟಕಡೆಗೆ ಬಂದೆ. ಅಲ್ಲಿ, ಇರುವೆಯಂಥ ಅಕ್ಷರದಲ್ಲಿ, ಮಾದರಿ ಸಂಗ್ರಹಕ್ಕೆ ನೆರವಾದವರಿಗೆ ವಂದನೆ ಎಂಬ ಸಾಲಿನಲ್ಲಿ ನಮ್ಮನ್ನು ಹಳ್ಳಿಗಳಿಗೆ ಒಯ್ದ ಬಸ್ಸಿನ ಡ್ರೈವರನ ಹೆಸರಾದ ಮೇಲೆ ನನ್ನದಿತ್ತು. ಲೇಖಕರ ಸಾಲಿನಲ್ಲಿ ನನ್ನ ಹೆಸರಿಲ್ಲ, ಲೇಖನದೊಳಗೆ ನನ್ನ ಕೆನ್ನೆ ಇದೆ. ಚೆನ್ನಾಗಿದೆ ಕಣಮ್ಮ ಎಂದೆ. ಊಟ ಸೇರಲಿಲ್ಲ.

ಹೊಟ್ಟೆಕಿಚ್ಚು ಎಂದು ಜನ ಸುಮ್ಮನೆ ಹೇಳುವುದಿಲ್ಲ. ನಿಜಕ್ಕೂ ಹೊಟ್ಟೆಯಲ್ಲೇ ಉರಿಯುತ್ತದೆ. ನ್ಯಾಯವಾಗಿ ನೋಡಿದರೆ ಎಣಿಸಿದವಳು ಅವಳು, ಯೋಚಿಸಿದವಳು ಅವಳು, ಕಣ್ಣು ಸವೆಸಿಕೊಂಡವಳು ಅವಳು. ಇದೆಲ್ಲ ನನಗೆ ಆಗಲೂ ಗೊತ್ತಿತ್ತು. ಗೊತ್ತಿದ್ದರಿಂದ ಉರಿ ಕಡಿಮೆಯಾಗಲಿಲ್ಲ.

ಇನ್ನು ಕಾರ್ಡುಗಳ ವಿಷಯ. ಆ ಕಾಲದಲ್ಲಿ ನಕಲು ತೆಗೆಯುವ ಯಂತ್ರಗಳು ಎಲ್ಲೆಂದರಲ್ಲಿ ಇರಲಿಲ್ಲ. ದೂರದೇಶದ ವಿಜ್ಞಾನಿಗೆ ಒಂದು ಲೇಖನ ಬೇಕಾದರೆ ಬರೆದವರಿಗೇ ಒಂದು ಅಂಚೆಕಾರ್ಡು ಹಾಕುತ್ತಿದ್ದ: ತಮ್ಮ ಇಂಥ ಲೇಖನದ ಪ್ರತಿಯೊಂದನ್ನು ದಯವಿಟ್ಟು ಕಳಿಸಿ. ಬರೆದವರು ಒಂದು ಬಿಡಿಪ್ರತಿ ಕಳಿಸುತ್ತಿದ್ದರು. ಲೇಖನವನ್ನು ಎಲ್ಲೆಲ್ಲಿ, ಯಾರ್ಯಾರು ಓದುತ್ತಿದ್ದಾರೆ ಎಂದು ವಿಜ್ಞಾನಿಗೆ ಗೊತ್ತಾಗುತ್ತಿದ್ದದ್ದು ಹಾಗೆ. ಅದಕ್ಕಾಗಿ ಲೇಖನದ ಮೊದಲ ಪುಟದ ಅಡಿಯಲ್ಲಿ ಪತ್ರವ್ಯವಹಾರದ ವಿಳಾಸ ಕೊಡಬೇಕು. ಅವಳಿಗೆ ಆಗ ಬೆಂಗಳೂರಿನ ಫೆಲೋಶಿಪ್ಪು ಮುಗಿಯುವುದರಲ್ಲಿತ್ತು, ಮುಂದೆ ಯಾವ ಊರೋ ಗೊತ್ತಿರಲಿಲ್ಲ. "ನಿಮ್ಮ ಮನೆ ವಿಳಾಸ ಕೊಟ್ಟಿದೀನಿ ಭಾವ, ನೀವೇನು ಮಧುಗಿರಿ ಬಿಟ್ಟು ಹೋಗೋರಲ್ಲ" ಎಂದಿದ್ದಳು. ಬಿಡಿಪ್ರತಿಗಳ ಕಟ್ಟನ್ನೂ ನಮ್ಮ ಮಂಚದ ಕೆಳಗೇ ಇಟ್ಟು ಮುಂಬಯಿಗೆ ಹೋದಳು. ವಿಜ್ಞಾನಿ ಎಷ್ಟೇ ಬುದ್ಧಿವಂತೆಯಾದರೂ ಭಾವ ಎಂದರೆ ಮನೆಯವನು, ಅವನನ್ನು ಪರೀಕ್ಷಿಸಬೇಕಿಲ್ಲ ಎಂದುಕೊಂಡದ್ದು ಅವಳ ತಪ್ಪು.

ಮೊದಲ ಕಾರ್ಡು ಬಂದಾಗ ಅಂಚೆಯವನು ಬೀದಿಯಿಂದಲೇ ಕೂಗಿದ, "ಸಾರ್, ನಿಮ್ಮ ನಾದ್ನಿಯವ್ರಿಗೆ ಫಾರಿನ್ ಕಾಗ್ದ ಬಂದೈತೆ!" ಪುಣ್ಯಕ್ಕೆ ಹೆಂಡತಿ ಹಿತ್ತಲಿನಲ್ಲಿದ್ದಳು. ಪೂರ್ವ ಯುರೋಪಿನ ಯಾವುದೋ ಊರು. ಚೆಂದದ ಸ್ಟಾಂಪು. ಕಾರ್ಡನ್ನು ಕೈಯಲ್ಲಿ ಹಿಡಿದು ನಿಂತೆ. ನಾಳೆ ಮುಂಬಯಿಗೆ ಕಳಿಸಿದರಾಯಿತು ಎಂದುಕೊಂಡೆ. ಮರುವಾರ ಜಪಾನಿನಿಂದ ಒಂದು ಬಂತು, ಆಮೇಲೆ ಬ್ರೆಜಿಲಿನಿಂದ. ಇನ್ನು ಮುಂದೆ ಇವನ್ನು ಕಾಲೇಜಿಗೇ ತಂದುಕೊಡು ಎಂದು ಅಂಚೆಯವನಿಗೆ ಹೇಳಿದೆ. ಆ ಮಾತು ಬಾಯಿಂದ ಹೊರಟ ಗಳಿಗೆಯಲ್ಲಿ ನನಗೆ ನಾನು ಏನು ಮಾಡುತ್ತಿದ್ದೇನೆಂದು ಸ್ಪಷ್ಟವಾಗಿ ಗೊತ್ತಿತ್ತು. ನನ್ನ ಹೆಸರಿಗೆ ಹುಟ್ಟಿನಿಂದ ಒಂದೂ ಬಾರದ ಕಾರ್ಡು ಅವಳ ಹೆಸರಿಗೆ ತಿಂಗಳಿಗೆರಡು ಬರುತ್ತಿದ್ದವು, ಅದೂ ನನ್ನದೇ ವಿಳಾಸಕ್ಕೆ. ಅವನ್ನೆಲ್ಲ ನನ್ನ ಕಪ್ಪೆಗಳ ಫೈಲಿನೊಳಗೆ ಇಟ್ಟೆ. ಇಡೀ ಮನೆಯಲ್ಲಿ ಯಾರೂ ಎಂದೂ ಬಿಚ್ಚದ ಜಾಗ ಅದು.

ಮುಂಬಯಿಯಿಂದ ಇನ್‌ಲ್ಯಾಂಡ್ ಲೆಟರ್ ಬರುತ್ತಿತ್ತು. ಎಲ್ಲ ಕ್ಷೇಮ ಸಮಾಚಾರದ ನಂತರ, ಮಡಿಕೆಯ ಅಂಚಿನಲ್ಲಿ ಒಂದು ಸಾಲು: 'ಭಾವ, ಕಾರ್ಡು ಯಾವುದಾದರೂ ಬಂತೇ?' ನಾನು ಬರೆದೆ: 'ಇಲ್ಲಮ್ಮ. ಬಂದರೆ ತಕ್ಷಣ ಕಳಿಸುತ್ತೇನೆ.' ಒಂದು ಸಲವಲ್ಲ, ಮೂರು ಸಲ ಹಾಗೆ ಬರೆದಿದ್ದೇನೆ. ಮೂರನೆಯ ಸಲ ಬರೆಯುವಾಗ ಫೈಲಿನಲ್ಲಿ ಉತ್ತರದ ಒಂದು ಚಳಿದೇಶದ ಪ್ರೊಫೆಸರರ ಕಾರ್ಡು ಇತ್ತು. ಅದು ಉಳಿದವುಗಳಂತೆ ಅಚ್ಚಾದ ಕಾರ್ಡಲ್ಲ, ಹಿಂಬದಿ ಪೂರ್ತಿ ಕೈಬರಹ. ತಮ್ಮ ಸ್ಲೈಡುಗಳನ್ನು ನಾವು ಒಟ್ಟಿಗೆ ಕೂತು ನೋಡಬೇಕೆಂದು ಆಸೆ, ಒಂದು ವರ್ಷದ ಮಟ್ಟಿಗೆ ನನ್ನ ಪ್ರಯೋಗಾಲಯದಲ್ಲಿ ತಮಗೆ ಸ್ಥಳವಿದೆ, ಬೇಸಿಗೆಯೊಳಗೆ ತಿಳಿಸಿ ಎಂದಿತ್ತು. ಎರಡು ಸಲ ಓದಿದೆ. ನಾಳೆ ಕಳಿಸುತ್ತೇನೆ ಎಂದು ಪ್ರಾಮಾಣಿಕವಾಗಿಯೇ ಅಂದುಕೊಂಡೆ. ಆ ಬೇಸಿಗೆ ಹೋಯಿತು, ಮುಂದಿನ ಬೇಸಿಗೆಯೂ ಬಂತು.

ಅಷ್ಟರಲ್ಲಿ ಮುಂಬಯಿಯ ಹಿರಿಯರು ಅವಳಿಗೆ, ಆ ಕೆನ್ನೆಯ ಕೆಲಸವನ್ನು ಯಾರೂ ಕೇಳುತ್ತಿಲ್ಲ, ಬಿಟ್ಟುಬಿಡಿ, ಎಲ್ಲರೂ ಈಗ ಜೀನುಗಳ ಹಿಂದೆ ಹೋಗುತ್ತಿದ್ದಾರೆ ಎಂದರಂತೆ. ಅವಳು ಬಿಟ್ಟುಬಿಟ್ಟಳು. ಅದನ್ನು ಅಕ್ಕನಿಗೆ ಬರೆದ ಕಾಗದದಲ್ಲಿ ಓದಿದೆ. 'ಯಾರೂ ಓದಲಿಲ್ಲ ಅಂದಮೇಲೆ ಏನೋ ತಪ್ಪಿರಬೇಕು ಅಕ್ಕ' ಎಂದಿತ್ತು.

ಆ ಯುಗಾದಿಗೆ ಅವಳು ಮಧುಗಿರಿಗೆ ಬಂದಳು. ಹಬ್ಬದ ಮಾರನೆಯ ದಿನ, ಮಧ್ಯಾಹ್ನ ಕಾಲೇಜಿನಿಂದ ಬಂದೆ. ಹೆಂಡತಿ ಹಿಂದಿನ ಬೀದಿಯ ಸೀಮಂತಕ್ಕೆ ಹೋಗಿದ್ದಳು. ನಾದಿನಿ ನಡುಮನೆಯ ನೆಲದ ಮೇಲೆ ಕೂತಿದ್ದಳು. ಮುಂದೆ ನನ್ನ ರಟ್ಟಿನ ಫೈಲು ತೆರೆದಿತ್ತು. ಸುತ್ತಲೂ ಕಾರ್ಡುಗಳನ್ನು ಬಂದ ತಾರೀಖಿನ ಪ್ರಕಾರ ಜೋಡಿಸಿದ್ದಳು.

"ನಿಮ್ಮ ಥೀಸಿಸ್ ಓದಿ ನಿಮ್ಮ ಗೈಡಿಗೆ ಒಂದು ಕಾಗದ ಬರೆಯೋಣ ಅಂತ ತೆಗೆದೆ ಭಾವ. ಎರಡು ಅಧ್ಯಾಯ ಚೆನ್ನಾಗೇ ಇದೆ" ಎಂದಳು.

ನಾನು ಚಪ್ಪಲಿಯನ್ನೂ ಬಿಡದೆ ನಿಂತಿದ್ದೆ. ಅವಳು ತಲೆ ಎತ್ತಿ ನನ್ನನ್ನು ನೋಡಿದಳು. ಎಷ್ಟೋ ವರ್ಷಗಳಲ್ಲಿ ಮೊದಲ ಸಲ ಎರಡೂ ಕಣ್ಣು ಪೂರ್ತಿ ತೆರೆದು ನೋಡಿದಳು.

"ಮೂವತ್ತೇಳು ಇದಾವೆ. ನಾನು ಯಾರೂ ಓದಲೇ ಇಲ್ಲ ಅಂದ್ಕೊಂಡಿದ್ದೆ."

ಕೈಬರಹದ ಆ ಕಾರ್ಡನ್ನು ಅವಳು ಉಳಿದವುಗಳಿಂದ ಬೇರೆ ಇಟ್ಟಿದ್ದಳು. ನೇರಳೆ ಬೆರಳು ಅದರ ತಾರೀಖಿನ ಮೇಲೆ ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಅದನ್ನು ತನ್ನ ಕೈಚೀಲಕ್ಕೆ ಹಾಕಿಕೊಂಡು, "ಅಕ್ಕ ಬರೋದ್ರೊಳಗೆ ಮುಗಿಸಬೇಕು. ಗೋಂದಿನ ಬಾಟ್ಲಿ ತನ್ನಿ" ಎಂದಳು. ಮಂಚದ ಕೆಳಗಿನ ಕಟ್ಟು ಬಿಚ್ಚಿದಳು. ಅವಳು ವಿಳಾಸ ಬರೆದಳು, ನಾನು ಲಕೋಟೆ ಅಂಟಿಸಿದೆ. ಒಂದೊಂದರ ಒಳಗೂ ತಡವಾದದ್ದಕ್ಕೆ ಕ್ಷಮಿಸಿ ಎಂದು ಒಂದು ಚೀಟಿ ಬರೆದು ಇಟ್ಟಳು. ತಪ್ಪು ನನ್ನದು, ಕ್ಷಮೆ ಕೇಳಿದವಳು ಅವಳು. ಇಬ್ಬರೂ ಅಂಚೆಕಚೇರಿಗೆ ಹೋಗಿ ಹಾಕಿ ಬಂದೆವು. ಉಳಿದ ಪ್ರತಿಗಳನ್ನೆಲ್ಲ ಕಟ್ಟಿಕೊಂಡು ಅವಳು ಮುಂಬಯಿಗೆ ಹೊರಟಳು. ಅಕ್ಕನಿಗೆ ಒಂದು ಮಾತೂ ಹೇಳಲಿಲ್ಲ.

ಆಮೇಲಿನ ಅವಳ ಲೇಖನಗಳಲ್ಲಿ ಮುಂಬಯಿಯ ವಿಳಾಸವೇ ಇರುತ್ತಿತ್ತು. ಕೆನ್ನೆಯ ಲೇಖನಕ್ಕೆ ಕಾರ್ಡು ಬರುವುದೂ ನಿಂತಿತು. ಇನ್‌ಲ್ಯಾಂಡ್ ಲೆಟರುಗಳು ಅಕ್ಕನ ಹೆಸರಿಗೆ ಮಾತ್ರ ಬರತೊಡಗಿದವು, ಅಂಚಿನ ಸಾಲು ನಿಂತುಹೋಯಿತು. ಅವಳ ಹೆಸರಿಗೆ ಈಗ ವರ್ಷಕ್ಕೆ ಮೂರು ನಾಲ್ಕು ಲೇಖನ, ಅವಳ ಕೈಕೆಳಗೆ ವಿದ್ಯಾರ್ಥಿಗಳು, ಪರದೇಶದ ಸಮ್ಮೇಳನಗಳು. ನನ್ನ ಹೊಟ್ಟೆಕಿಚ್ಚಿಗೆ ನಾಚಿಕೆಯೆಂಬುದೇ ಇರಲಿಲ್ಲ, ಇಷ್ಟಾದ ಮೇಲೂ ಅದು ಸಾಯಲಿಲ್ಲ. ಒಮ್ಮೆ ಮೌಲ್ಯಮಾಪನಕ್ಕೆಂದು ಬೆಂಗಳೂರಿಗೆ ಹೋದವನು ಕೆಲಸ ತಪ್ಪಿಸಿಕೊಂಡು ಒಂದು ದೊಡ್ಡ ಗ್ರಂಥಾಲಯಕ್ಕೆ ನುಗ್ಗಿದೆ. ಯಾರ ಲೇಖನವನ್ನು ಯಾರು ಉಲ್ಲೇಖಿಸಿದ್ದಾರೆ ಎಂದು ತಿಳಿಸುವ ದಪ್ಪ ದಪ್ಪ ಸೂಚಿಗಳು ಅಲ್ಲಿದ್ದವು. ಭೂತಗನ್ನಡಿ ಹಿಡಿದು ಅವಳ ಹೆಸರು ಹುಡುಕಿದೆ. ಜೀನಿನ ಲೇಖನಗಳ ಕೆಳಗೆ ಉದ್ದುದ್ದ ಪಟ್ಟಿಗಳಿದ್ದವು. ಕೆನ್ನೆಯ ಲೇಖನದ ಕೆಳಗೆ ನಾಲ್ಕೇ ಸಾಲು. ಅದೇ ಕೆಲಸವನ್ನು ಎರಡು ವರ್ಷ ತಡವಾಗಿ ಬೇರೆಲ್ಲೋ ಮಾಡಿದವರ ಹೆಸರು ಆ ನಾಲ್ಕರಲ್ಲೊಂದು. ಅವರ ಹೆಸರಿನ ಕೆಳಗೆ ಹುಡುಕಿದರೆ ಎರಡು ಅಂಕಣ ತುಂಬಿತ್ತು. ಐ.ಡಿ.ಹಳ್ಳಿಯ ಜಗಲಿಯ ಮೇಲೆ ಹುಟ್ಟಿದ ಯೋಚನೆಯನ್ನು ಜಗತ್ತು ಈಗ ಅವರ ಹೆಸರಿನಿಂದ ಕರೆಯುತ್ತಿತ್ತು. ಅದು ಹೇಗಾಯಿತೆಂದು ಭೂಮಿಯ ಮೇಲೆ ಇಬ್ಬರಿಗೆ ಮಾತ್ರ ಗೊತ್ತಿತ್ತು. ಹೊರಡುವ ಮುಂಚೆ ನನ್ನ ಹೆಸರನ್ನೂ ಒಮ್ಮೆ ಹುಡುಕಿದೆ. ಇರಲಿಲ್ಲ, ಇರಲು ಕಾರಣವೂ ಇರಲಿಲ್ಲ.

ಲೇಖನಗಳನ್ನು ಅವಳು ಯಾವಾಗಲೂ ಕೊನೆಯಿಂದ ಓದುತ್ತಿದ್ದಳು. ಮೊದಲು ಉಲ್ಲೇಖಗಳ ಪಟ್ಟಿ, ಆಮೇಲೆ ವಂದನೆ, ಆಮೇಲೆ ಉಳಿದದ್ದು. "ಯಾರ ಋಣ ಒಪ್ಕೊಂಡಿದಾರೆ, ಯಾರದ್ದು ನುಂಗಿದಾರೆ ಅನ್ನೋದು ಅಲ್ಲೇ ಗೊತ್ತಾಗೋದು ಭಾವ" ಎನ್ನುತ್ತಿದ್ದಳು. ಆ ಮಾತು ನನಗೆ ಪೂರ್ತಿ ಅರ್ಥವಾದದ್ದು ಮಾವನವರ ವರ್ಷದ ಪುಣ್ಯತಿಥಿಗೆ ಎಲ್ಲರೂ ಕೊರಟಗೆರೆಯಲ್ಲಿ ಸೇರಿದ್ದಾಗ. ನಡುಮನೆಯ ಕುರ್ಚಿ ಖಾಲಿ ಇತ್ತು, ಇಬ್ಬರೂ ಚಾಪೆಯ ಮೇಲೆ ಕೂತಿದ್ದೆವು. ಸುತ್ತ ಯಾರೂ ಇಲ್ಲದ್ದನ್ನು ನೋಡಿ, ಇಷ್ಟು ವರ್ಷ ಕೇಳದೆ ಉಳಿಸಿಕೊಂಡಿದ್ದನ್ನು ಕೇಳಿದೆ.

"ಆ ಪ್ರೊಫೆಸರಿಗೆ ಬರೆದ್ಯಾ?"

"ಬರೆದೆ. ನಿವೃತ್ತಿ ಆಗಿದ್ರಂತೆ. ಅವರ ಜಾಗಕ್ಕೆ ಬಂದೋರಿಗೆ ಕೆನ್ನೆ ಬ್ಯಾಡವಂತೆ."

"ನಿಂಗೆ ನನ್ನ ಮೇಲೆ ಕೋಪ ಇಲ್ವೇನಮ್ಮ?"

ಬೆರಳಿನ ಬಣ್ಣವನ್ನು ತಿಕ್ಕಿಕೊಂಡಳು. "ಇದೆ. ಆದ್ರೆ ಕೆನ್ನೆ ಕೆರೆಯೋದು ಕಲಿಸಿದ್ದು ನೀವೇ. ಅದೊಂದು ಋಣ ಇಲ್ದಿದ್ರೆ ಅಕ್ಕನಿಗೆ ಹೇಳ್ತಿದ್ದೆ. ಇಷ್ಟು ವರ್ಷ ಹೇಳದೇ ಇದ್ದದ್ದಕ್ಕೆ ಅದು ತೀರ್ತು ಭಾವ. ಇನ್ನು ಹೇಳೋದೋ ಬಿಡೋದೋ ನಿಮಗೆ ಸೇರಿದ್ದು."

ನಾನು ಹೇಳಲಿಲ್ಲ. ಹೇಳೋಣ ಎಂದುಕೊಳ್ಳುತ್ತಲೇ ವರ್ಷಗಳು ಹೋದವು. ಎಂಬತ್ತರ ದಶಕ ಮುಗಿಯುತ್ತ ಬಂದಿದ್ದಾಗ ಅವಳಿಗೆ ಕಾಮಾಲೆ ತಗುಲಿ, ನಾವು ಮುಂಬಯಿ ತಲುಪುವ ಮುಂಚೆಯೇ ಎಲ್ಲ ಮುಗಿದಿತ್ತು. ನಲವತ್ತು ತುಂಬಿರಲಿಲ್ಲ. ಬಿಳಿ ಬಟ್ಟೆಯ ಮೇಲಿದ್ದ ಆ ಮೂರು ಬೆರಳು ಆಗಲೂ ನೇರಳೆಯಾಗಿಯೇ ಇದ್ದವು. ಕೊರಟಗೆರೆಯಲ್ಲಿ ಜನ, ಪಾಪ, ಕ್ಯಾನ್ಸರಿನ ಜೊತೆಗೇ ಇದ್ದು ಅದೇ ಅಂಟಿಕೊಂಡಿತು ಎಂದು ಮಾತಾಡಿಕೊಂಡರು. ಅದು ಅಂಟುವ ಕಾಯಿಲೆಯಲ್ಲ ಎಂದು ಕಂಡಕಂಡವರ ಮೇಲೆಲ್ಲ ಹರಿಹಾಯ್ದೆ. ಅವಳ ಪರವಾಗಿ ನಾನು ಬಾಯಿ ತೆರೆದದ್ದು ಅಷ್ಟೇ.

ಅವಳು ಹೋದ ಮರುವರ್ಷ, ಒಂದು ಬೆಳಿಗ್ಗೆ ಹೆಂಡತಿ ಕೈಯಲ್ಲೊಂದು ಕಾರ್ಡು ಹಿಡಿದು ಒಳಗೆ ಬಂದಳು. ಅಂಚೆಗೆ ಹೊಸಬ ಬಂದಿದ್ದ, ಮನೆಗೇ ತಂದು ಕೊಟ್ಟಿದ್ದ. ಹಂಗರಿಯ ಒಬ್ಬ ವಿದ್ಯಾರ್ಥಿ ಯಾವುದೋ ಗ್ರಂಥಾಲಯದಲ್ಲಿ ಹಳೆಯ ಪತ್ರಿಕೆ ತೆರೆದು, ಅಡಿಯಲ್ಲಿದ್ದ ವಿಳಾಸ ನೋಡಿ ಬರೆದಿದ್ದ. ಕೆನ್ನೆಯ ಕೋಶಗಳ ಕುರಿತ ತಮ್ಮ ಲೇಖನದ ಪ್ರತಿಯೊಂದು ಬೇಕು, ಎಲ್ಲಕ್ಕೂ ಮೊದಲು ಬರೆದವರು ತಾವೇ ಎಂದು ಈಗ ತಿಳಿಯಿತು, ಎಂದಿದ್ದ.

ನನ್ನ ಹತ್ತಿರ ಇದ್ದದ್ದು ಒಂದೇ ಪ್ರತಿ. ಕಪಾಟಿನಿಂದ ತೆಗೆದೆ. ಮೇಲೆ ಅವಳ ಕೈಬರಹ ಹಾಗೆಯೇ ಇತ್ತು: ಭಾವನಿಗೆ, ಕೆನ್ನೆ ಕೆರೆಯಲು ಕಲಿಸಿದ್ದಕ್ಕೆ. ಆ ಎರಡು ಸಾಲನ್ನು ಬಿಟ್ಟುಕೊಡಲು ಮನಸ್ಸು ಒಪ್ಪಲಿಲ್ಲ. ಕಂಡು ಕೇಳರಿಯದ ಆ ಹಂಗರಿಯ ಹುಡುಗನ ಮೇಲೂ ಹೊಟ್ಟೆಕಿಚ್ಚಾಯಿತು. ಆದರೂ ಲಕೋಟೆಗೆ ಹಾಕಿದೆ. ಗೋಂದಿನ ಬಾಟಲಿ ತೆಗೆದುಕೊಂಡು ನಡುಮನೆಯ ನೆಲದ ಮೇಲೆ, ಅವತ್ತು ಅವಳು ಕೂತಿದ್ದ ಜಾಗದಲ್ಲೇ ಕೂತೆ.

ಹೆಂಡತಿ ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ ನೋಡುತ್ತಿದ್ದಳು. ಕಣ್ಣು ತುಂಬಿತ್ತು. "ಎಷ್ಟು ಕಾಯ್ತಿದ್ಲು ರೀ ಇದಕ್ಕೆ. ಪ್ರತಿ ಕಾಗದದಲ್ಲೂ ಕೇಳ್ತಿದ್ಲು. ಅವಳು ಹೋದ್ಮೇಲೆ ಬಂತು ನೋಡಿ, ಮೊದಲ್ನೇ ಕಾರ್ಡು."

ಲಕೋಟೆಯ ಅಂಚನ್ನು ಒತ್ತಿ ಹಿಡಿದಿದ್ದ ನನ್ನ ಬೆರಳು ಅಲ್ಲೇ ಅಂಟಿಕೊಂಡಿತು.

"ಮೊದಲ್ನೇದಲ್ಲ ಕಣೇ" ಎಂದೆ. "ಮೂವತ್ತೆಂಟನೇದು."

ಅವಳು ಕಾರ್ಡನ್ನು ನೆಲದ ಮೇಲಿಟ್ಟು ನನ್ನ ಎದುರಿಗೆ ಕೂತಳು.